ಹಸಿರುನೀಲಿಯೋ, ನೀಲಿಹಸಿರೋ? ಸಯಾನ್ ಮತ್ತು ಟರ್ಕಾಯ್ಸ್‌ಗೆ ಕನ್ನಡ ಪದ

ನಮಸ್ಕಾರ. ಜಲವರ್ಣ ಕಲಿಯುವವರಿಗಾಗಿ ಬಣ್ಣ ಬೆರೆಸುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀಲಿಗೂ ಹಸಿರಿಗೂ ನಡುವೆ ಬರುವ ಸಯಾನ್, ಟರ್ಕಾಯ್ಸ್ ಎಂಬ ಎರಡು ಬಣ್ಣಗಳ ಹೆಸರುಗಳ ಬಳಿ ಬಂದು ಬರವಣಿಗೆ ನಿಂತುಬಿಟ್ಟಿದೆ.

ಸಯಾನ್ ಅನ್ನು ‘ಆಕಾಶನೀಲಿ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಯಾವ ನೀಲಿಗೆ ನೀರು ಹೆಚ್ಚಿಸಿದರೂ ಆಕಾಶನೀಲಿಯ ಹತ್ತಿರ ಬರಬಹುದು. ಸಯಾನ್‌ನ ಗುರುತು ಇರುವುದು ಅದು ಹಸಿರಿನ ಕಡೆಗೆ ವಾಲುವುದರಲ್ಲಿ. ಟರ್ಕಾಯ್ಸ್‌ಗೆ ‘ವೈಡೂರ್ಯ’ ಎಂಬುದಂತೂ ತಪ್ಪೇ. ನವರತ್ನಗಳ ವೈಡೂರ್ಯ ಬೆಕ್ಕಿನ ಕಣ್ಣಿನಂಥ ಕಲ್ಲು. ಫ್ರೆಂಚಿನಲ್ಲಿ ‘ಟರ್ಕಿಯ ಕಲ್ಲು’ ಎಂದು ಹೆಸರಾದದ್ದು ಪರ್ಷಿಯನ್ನರ ಪಿರೋಜಾ. ಆದರೆ ಪಿರೋಜಾ ಕಲ್ಲೇ ತಿಳಿನೀಲಿಯಿಂದ ಹಸಿರಿನವರೆಗೆ ಬಗೆಬಗೆಯಾಗಿ ಸಿಗುವುದರಿಂದ ಆ ಪದವೂ ಕಲಿಯುವವರಿಗೆ ದಾರಿ ತೋರುವುದಿಲ್ಲ.

ನನಗೆ ಹೊಳೆದದ್ದು ಸಮಾಸದ ಕ್ರಮ. ‘ಕೆಂಗಂದು’ ಎಂದರೆ ಕೆಂಪು ಬೆರೆತ ಕಂದು, ‘ಕಂದುಗೆಂಪು’ ಎಂದರೆ ಕಂದು ಬೆರೆತ ಕೆಂಪು. ಕೊನೆಯಲ್ಲಿ ಬರುವ ಬಣ್ಣವೇ ಮುಖ್ಯ. ಹಾಗಾದರೆ ಸಯಾನ್ ‘ಹಸಿರುನೀಲಿ’, ಟರ್ಕಾಯ್ಸ್ ‘ನೀಲಿಹಸಿರು’ ಆಗಬೇಕು. ಟ್ಯೂಬುಗಳ ಮೇಲಿನ ‘ಬ್ಲೂ, ಗ್ರೀನ್ ಶೇಡ್’ ಎಂಬುದನ್ನು ‘ನೀಲಿ, ಹಸಿರು ಛಾಯೆ’ ಎಂದು ಪದಕ್ಕೆ ಪದ ಇಟ್ಟರೆ ಓದುವವರು ಹಸಿರನ್ನೇ ಹುಡುಕಿಯಾರು; ‘ಹಸಿರುನೀಲಿ’ ಎಂದರೆ ಆ ಗೊಂದಲವಿಲ್ಲ.

ಇದು ಬರಿಯ ಪದದ ಹಟವಲ್ಲ. (ಮುಂದೆ ಬರುವ ಪಿಬಿ, ಪಿಜಿ ಸಂಖ್ಯೆಗಳು ಟ್ಯೂಬಿನೊಳಗಿನ ನೀಲಿ, ಹಸಿರು ವರ್ಣದ್ರವ್ಯಗಳ ಗುರುತು; ಥ್ಯಾಲೊ ಎಂಬುದು ಥ್ಯಾಲೊಸಯನಿನ್ ವರ್ಣದ್ರವ್ಯಗಳ ಚಿಕ್ಕ ಹೆಸರು.) ಮುದ್ರಣದ ಸಯಾನ್ ಶಾಯಿಯಲ್ಲಿ ಬಳಸುವ ಪಿಬಿ 15:3 ಎಂಬ ಥ್ಯಾಲೊ ನೀಲಿಯನ್ನು ಕ್ವಿನಾಕ್ರಿಡೋನ್ ಮಜೆಂಟಾ ಎಂಬ ನೇರಳೆಗೆಂಪಿನೊಡನೆ ಬೆರೆಸಿದರೆ ನೇರಳೆ ಹೊಳೆಯುತ್ತದೆ. ಆ ನೀಲಿಯ ಜಾಗದಲ್ಲಿ ಥ್ಯಾಲೊ ಟರ್ಕಾಯ್ಸ್, ಅಂದರೆ ಪಿಬಿ 16 ಹಾಕಿ ನೋಡಿ: ಅದರಲ್ಲಿ ಹಸಿರು ಹೆಚ್ಚು, ನೇರಳೆ ಮಂಕಾಗುತ್ತದೆ. ನಿಂಬೆಹಳದಿಯೊಡನೆ ಮಾತ್ರ ಎರಡೂ ಸೊಗಸಾದ ಹಸಿರು ಕೊಡುತ್ತವೆ. ಒಂದೇ ಮೂಲನೀಲಿ ಕೊಳ್ಳುವವರಿಗೆ ನಾನು ಹಸಿರುನೀಲಿಯನ್ನೇ ಹೇಳುತ್ತೇನೆ. ಕೋಬಾಲ್ಟ್ ಟರ್ಕಾಯ್ಸ್ ಎಂಬ ಹೆಸರಿನಲ್ಲಿ ಬರುವ ಪಿಬಿ 36, ಪಿಜಿ 50 ಬೇರೆಯೇ ಸ್ವಭಾವದವು. ಕಾಗದದ ತಗ್ಗುಗಳಲ್ಲಿ ಕಣಕಣವಾಗಿ ಕೂರುತ್ತವೆ, ಬೆರಕೆಯಲ್ಲಿ ಥ್ಯಾಲೊಗಳ ಮುಂದೆ ಸೋಲುತ್ತವೆ.

‘ಮೈಲುತುತ್ತದ ಬಣ್ಣ’ ಎಂಬ ಮಾತೂ ಮನಸ್ಸನ್ನು ಎಳೆಯುತ್ತಿದೆ. ಮೈಲುತುತ್ತಕ್ಕೆ ನೀಲಿ ಕೊಡುವ ತಾಮ್ರವೇ ಪಿಬಿ 15:3ರ ಅಣುವಿನ ನಡುವೆಯೂ ಇದೆ. ಬಣ್ಣದ ಹೆಸರಾಗಿ ಈ ಪದವನ್ನು ಯಾರಾದರೂ ಬಳಸಿದ್ದನ್ನು ಕೇಳಿದ್ದೀರಾ?

ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು: ‘ಹಸಿರುನೀಲಿ’, ‘ನೀಲಿಹಸಿರು’ ಎಂದಾಗ ನಿಮ್ಮ ಕಣ್ಣ ಮುಂದೆ ಎರಡು ಬಣ್ಣ ಬರುತ್ತವೆಯೇ, ಒಂದೇ ಬರುತ್ತದೆಯೇ?