ಅಪ್‌ಡೇಟ್: ಫ್ಲಾರೆನ್ಸಿನಲ್ಲಿ ಒಳ್ಳೆಯ ಜೆಲಾಟೊ

ಇಟಲಿಯ ಫ್ಲಾರೆನ್ಸಿನಲ್ಲಿ ಅಂಗಡಿಯವರೇ ತಯಾರಿಸುವ ಜೆಲಾಟೊ, ಅಂದರೆ ಇಟಲಿಯ ಐಸ್‌ಕ್ರೀಂ, ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. "ಮೊದಲು ಪಿಸ್ತಾ ನೋಡಿ" ಎಂಬ ಸಲಹೆಯೇ ಹೆಚ್ಚು ಕೆಲಸಕ್ಕೆ ಬಂತು. ಪಿಸ್ತಾ ಅರೆದು ಹಾಕಿದ್ದರೆ ಕಂದು ಬೆರೆತ ಮಂಕು ಹಸಿರು ಇರುತ್ತದೆ. ಗಿಳಿಹಸಿರಾದರೆ ಬಣ್ಣ ಸೇರಿಸಿದ್ದಾರೆ. ಬಾಳೆಹಣ್ಣಿನದೂ ಅಷ್ಟೇ, ಹಳದಿಯಲ್ಲ, ಬೂದುಬಿಳಿ ಇರಬೇಕು. ಟ್ರೇಯ ಅಂಚು ಮೀರಿ ಗುಡ್ಡದ ಹಾಗೆ ಪೇರಿಸಿದ್ದನ್ನು ಬಿಟ್ಟುಬಿಡಿ. ಮೈನಸ್ 12 ಡಿಗ್ರಿ ಆಸುಪಾಸಿನಲ್ಲಿ ಕೊಡುವ ಮೆತ್ತನೆಯ ಜೆಲಾಟೊ ಅಷ್ಟೆತ್ತರ ನಿಲ್ಲಬೇಕಾದರೆ ಗಾಳಿ, ಸ್ಟೆಬಿಲೈಸರ್ (ಆಕಾರ ಕೆಡದಂತೆ ಹಿಡಿದಿಡುವ ಪದಾರ್ಥ) ಎರಡೂ ಜಾಸ್ತಿ ಬೇಕು. ಪೊಜ್ಜೆಟ್ಟಿ ಎನ್ನುವ ಮುಚ್ಚಳದ ಸ್ಟೀಲ್ ಡಬ್ಬಿಗಳು ಒಳ್ಳೆಯ ಲಕ್ಷಣ, ಆದರೆ ಗ್ಯಾರಂಟಿಯಲ್ಲ. ಹಲ್ಲಿಗೆ ಐಸ್ ಹರಳು ಸಿಕ್ಕಿತೆಂದರೆ ಕರಗಿ ಮತ್ತೆ ಗಟ್ಟಿಯಾದ ಮಾಲು.

ಇನ್ನು ಅಂಗಡಿಗಳು. ಸಾಂತಾ ಕ್ರೋಚೆ ಚರ್ಚಿನ ಹತ್ತಿರ ವಿವೋಲಿ. ಅಲ್ಲಿ ಕೋನ್ ಕೊಡುವುದಿಲ್ಲ, ಕಪ್ ಮಾತ್ರ. ವಿಯಾ ದೇಯಿ ತಾವೊಲಿನಿಯಲ್ಲಿ 1939ರಿಂದ ಇರುವ ಪೆರ್ಕೆ ನೋ. ನದಿಯಾಚೆ ಪಾಸ್ಸೆರಾ ಚೌಕದ ಪುಟ್ಟ ಅಂಗಡಿ. ಸ್ವಲ್ಪ ದೂರವಾದರೂ ವಿಯಾಲೆ ದೇಯಿ ಮಿಲ್ಲೆಯ ಬಾದಿಯಾನಿಗೆ ಹೋಗಲೇಬೇಕು, ಬ್ವೊಂತಾಲೆಂತಿ ಎಂಬ ಜೆಲಾಟೊಗಾಗಿ: ಕೆನೆ, ಮೊಟ್ಟೆಯ ದಟ್ಟ ರುಚಿ.

ಪ್ರವಾಸಿಗರ ಬೀದಿಯಲ್ಲಿ ಕೇಳದೆಯೇ ದೊಡ್ಡ ಕೋನ್ ತುಂಬಿಬಿಡುತ್ತಾರೆ. ಮೊದಲೇ "ಪಿಕ್ಕೊಲೊ", ಅಂದರೆ ಚಿಕ್ಕದು, ಎಂದು ಹೇಳಿ ಬೆಲೆ ಕೇಳಿಕೊಳ್ಳಿ.