ದೊಡ್ಡ ಸಮಾವೇಶದಲ್ಲಿ ಆರೋಗ್ಯ ಸೇವೆ: ಡಾಕ್ಟರನ್ನು ಕೇಳಿ

ಅಡ್ಮಿನ್: ನಮ್ಮ ಗುಂಪಿನ ಡಾಕ್ಟರ್ ಮೇಡಂ ತುರ್ತು ಚಿಕಿತ್ಸಾ ವಿಭಾಗದವರು. ಸಮಾವೇಶದ ಮೊದಲ ದಿನ ಮುಗಿದಿದೆ, ನಾಳೆ ಎರಡನೇ ದಿನ. ಸ್ವಯಂಸೇವಕರು ಪ್ರಶ್ನೆ ಕೇಳಬಹುದು.

ಸಂಘಟಕ: ಮೇಡಂ, ವೇದಿಕೆ ಪಕ್ಕ ಒಂದು ಪ್ರಥಮ ಚಿಕಿತ್ಸೆಯ ಟೆಂಟ್ ಇದೆ. ಸಾಕಲ್ವಾ?

ಡಾಕ್ಟರ್: ಸಾಲದು. ಕೊನೆಯ ಸಾಲಿನವರು ಜನರನ್ನು ಸೀಳಿಕೊಂಡು ವೇದಿಕೆವರೆಗೆ ಬರಲಾರರು. ಹಿಂಭಾಗದಲ್ಲೊಂದು, ಗೇಟಿನ ಹತ್ತಿರ ಇನ್ನೊಂದು ಹಾಕಿ. ದೂರಕ್ಕೆ ಕಾಣುವಂತೆ ಎತ್ತರದಲ್ಲಿ ಬೋರ್ಡ್ ಇರಲಿ.

ಸ್ವಯಂಸೇವಕಿ: ಮೇಡಂ, ಇವತ್ತು ಮಧ್ಯಾಹ್ನ ಸಾಮಾನು ಹೊರುತ್ತಿದ್ದ ಒಬ್ಬರು ಏನೇನೋ ಮಾತಾಡತೊಡಗಿದರು. ಹೆಸರು ಕೇಳಿದರೆ ಊರು ಹೇಳುತ್ತಿದ್ದರು. ಮೈ ಸುಡುತ್ತಿತ್ತು. ಬೆವರು ಸುರಿಯುತ್ತಿತ್ತು, ಹಾಗಾಗಿ ಬಿಸಿಲಾಘಾತ ಅಲ್ಲ ಅಂತ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಿದರು. ಆಂಬುಲೆನ್ಸ್ ಒಳಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಈಗ ಐಸಿಯುನಲ್ಲಿದ್ದಾರೆ. ನಾಳೆಯೂ ಹೀಗಾದರೆ ಏನು ಮಾಡಲಿ?

ಡಾಕ್ಟರ್: ಇದನ್ನು ಎಲ್ಲರೂ ಪೂರ್ತಿ ಓದಿ. ಬೆವರು ಇದ್ದರೂ ಬಿಸಿಲಾಘಾತ ಆಗುತ್ತದೆ. ಬಿಸಿಲಲ್ಲಿ ಮೈಮುರಿದು ಕೆಲಸ ಮಾಡಿದವರಲ್ಲಂತೂ ಬೆವರು ಇರುವುದೇ ಜಾಸ್ತಿ. ಮೈ ವಿಪರೀತ ಬಿಸಿ, ಜೊತೆಗೆ ಮಾತು ಅಥವಾ ನಡತೆ ತಪ್ಪಿದೆ ಅಂದರೆ ಬಿಸಿಲಾಘಾತ ಅಂತಲೇ ಹಿಡಿಯಿರಿ. ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಕಂಕುಳಲ್ಲಿಟ್ಟ ಥರ್ಮಾಮೀಟರ್ ಅದಕ್ಕಿಂತ ಕಡಿಮೆ ತೋರಿಸಬಹುದು, ಅದನ್ನು ನಂಬಿ ಕೂರಬೇಡಿ.

ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಜ್ವರದಲ್ಲಿ ಮೆದುಳೇ ಮೈಬಿಸಿಯನ್ನು ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ಶಾಖ ಹೊರಗೆ ಹೋಗಲಾರದೆ ಮೈಯಲ್ಲೇ ಉಳಿದಿರುತ್ತದೆ. ಲಿವರ್‌ಗೆ ಆಗಲೇ ಪೆಟ್ಟಾಗಿದ್ದರೆ ಮಾತ್ರೆಯಿಂದ ಇನ್ನೂ ಕಷ್ಟ.

ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ಅದು ಬರಲಿ ಅಂತ ಕಾಯದೆ ತಂಪು ಮಾಡಲು ಶುರು ಮಾಡಿ. ನೆರಳಿಗೆ ತನ್ನಿ, ಮೇಲಿನ ಬಟ್ಟೆ ತೆಗೆಯಿರಿ. ಟಬ್ ಇದ್ದರೆ ಐಸ್ ನೀರಿನಲ್ಲಿ ಕತ್ತಿನವರೆಗೆ ಕೂರಿಸಿ. ಹಿಂದಿನಿಂದ ಒಬ್ಬರು ಕಂಕುಳಿಗೆ ಕೈಹಾಕಿ ಹಿಡಿದಿರಬೇಕು, ತಲೆ ಮುಳುಗಬಾರದು. ಟಬ್ ಇಲ್ಲವೇ? ಟಾರ್ಪಾಲಿನ್ ಮೇಲೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದು ಒಳಗೆ ಐಸ್ ನೀರು ಸುರಿಯಿರಿ. ಅದೂ ಇಲ್ಲದಿದ್ದರೆ ಮೈಯೆಲ್ಲ ಒದ್ದೆ ಮಾಡುತ್ತಾ ಗಾಳಿ ಹಾಕಿ. ಮೊದಲ ಅರ್ಧ ಗಂಟೆಯೊಳಗೆ ಬಿಸಿ ಇಳಿದರೆ ಬದುಕುವ ಸಾಧ್ಯತೆ ತುಂಬಾ ಹೆಚ್ಚು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ.

ಅವರು ಎಷ್ಟು ಹೊತ್ತು ಬಿಸಿಲಲ್ಲಿದ್ದರು, ಗೊಂದಲ ಯಾವಾಗ ಶುರುವಾಯಿತು, ಯಾವ ಮಾತ್ರೆ ಕೊಟ್ಟರು ಅನ್ನುವುದನ್ನು ಐಸಿಯು ವೈದ್ಯರಿಗೆ ಈಗಲೇ ತಿಳಿಸಿ.

ಹಿರಿಯ ಸದಸ್ಯ: ಬಿಸಿ ಮೈಗೆ ಐಸ್ ನೀರು ತಾಗಿದರೆ ನರ ಒಡೆಯುತ್ತದೆ ಅಂತ ಒಂದು ಮೆಸೇಜ್ ಬಂದಿದೆ. ಫಾರ್ವರ್ಡ್ ಮಾಡಿದ್ದೇನೆ, ನೋಡಿ.

ನರ್ಸಿಂಗ್ ವಿದ್ಯಾರ್ಥಿ: ಸರ್, ಮೇಡಂ ಈಗ ತಾನೇ ಬರೆದಿದ್ದಾರಲ್ಲ, ಓದಿದಿರಾ?

ಹಿರಿಯ ಸದಸ್ಯ: ನೀವಿನ್ನೂ ಓದುತ್ತಿರುವವರು. ಸ್ವಲ್ಪ ತಾಳ್ಮೆ ಇರಲಿ.

ಡಾಕ್ಟರ್: ಆ ಮೆಸೇಜ್ ಅಳಿಸಿ. ಅದನ್ನು ನಂಬಿ ನಾಳೆ ಯಾರಾದರೂ ಕೈಕಟ್ಟಿ ನಿಂತರೆ ಒಂದು ಜೀವ ಹೋಗುತ್ತದೆ.

ಸದಸ್ಯೆ: ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡಬೇಕಾ?

ಡಾಕ್ಟರ್: ಬೇಡ. ಬಾಯಿಗೆ ಚಮಚವೂ ಬೇಡ. ಸುತ್ತ ಜಾಗ ಮಾಡಿ, ನಡುಕ ನಿಂತ ಮೇಲೆ ಮಗ್ಗುಲಾಗಿ ಮಲಗಿಸಿ. 5 ನಿಮಿಷ ದಾಟಿದರೆ ಆಸ್ಪತ್ರೆ.

ಇನ್ನೊಬ್ಬ ಸದಸ್ಯ: ಎದೆನೋವು ಬಂದಾಗ ಜೋರಾಗಿ ಕೆಮ್ಮುತ್ತಿದ್ದರೆ ಬದುಕುತ್ತಾರಂತೆ, ಹೌದಾ?

ಡಾಕ್ಟರ್: ಸುಳ್ಳು. ಕೆಮ್ಮುತ್ತಾ ಕೂತು ಹೊತ್ತು ಕಳೆಯಬೇಡಿ. ಕುಸಿದು ಬಿದ್ದು ಉಸಿರಾಟ ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತಿ. ಒಬ್ಬರು ಓಡಿ ಹೋಗಿ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ ತರಲಿ.

ಸದಸ್ಯ: ಮೇಡಂ, ಫಿಟ್ಸ್‌ಗೆ ಕಬ್ಬಿಣ?

ಡಾಕ್ಟರ್: ಮೇಲೆ ಓದಿ.

ಸ್ವಯಂಸೇವಕ: ನೂಕುನುಗ್ಗಲಾದರೆ?

ಡಾಕ್ಟರ್: ಆಗದಂತೆ ನೋಡುವುದೇ ಮೊದಲ ಕೆಲಸ. ಸಾಯುವವರಲ್ಲಿ ಹೆಚ್ಚಿನವರು ತುಳಿತದಿಂದಲ್ಲ, ಎದೆ ಒತ್ತಿ ಉಸಿರು ಕಟ್ಟಿ ಸಾಯುತ್ತಾರೆ, ಎಷ್ಟೋ ಸಲ ನಿಂತಲ್ಲೇ. ಚದರ ಮೀಟರಿಗೆ ಐದು ಜನ ಆದರೆ ಒಳಗೆ ಬಿಡುವುದನ್ನು ನಿಲ್ಲಿಸಿ. ಸಿಕ್ಕಿಕೊಂಡವರು ಕೈಗಳನ್ನು ಎದೆ ಮುಂದೆ ಮಡಚಿ ಹಿಡಿಯಲಿ.

ಸ್ವಯಂಸೇವಕಿ: ಇವತ್ತು ಹಿಂದಿನ ಗೇಟ್ ಗಣ್ಯರ ಕಾರಿಗೆ ಅಂತ ಮುಚ್ಚಿದ್ದರು. ಆಂಬುಲೆನ್ಸ್ ತಡವಾಗಿದ್ದೇ ಅದಕ್ಕೆ.

ಸಂಘಟಕ: ಭದ್ರತೆಯವರು ಹೇಳಿದ್ದು, ನಮ್ಮ ಕೈಲಿಲ್ಲ. ಸುಮ್ನೆ ಆರೋಪ ಮಾಡಬೇಡಿ.

ಸ್ವಯಂಸೇವಕಿ: ಆರೋಪ ಅಲ್ಲ. ನಾನು ಅವರ ತಲೆ ಹಿಡಿದುಕೊಂಡು ಕೂತಿದ್ದೆ. ಗೇಟಿನಾಚೆ ಸೈರನ್ ಕೇಳುತ್ತಿತ್ತು.

ನರ್ಸಿಂಗ್ ವಿದ್ಯಾರ್ಥಿ: ಬೀಗ ಯಾರ ಹತ್ತಿರ ಇತ್ತು ಅಂತ ಹೇಳಿ ಸರ್.

ಸಂಘಟಕ: ನಿಮಗೆ ಉತ್ತರ ಕೊಡಬೇಕಾಗಿಲ್ಲ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಡಾಕ್ಟರ್: ವಿಷಯ ಇದೇ. ಆ ದಾರಿ ಆಂಬುಲೆನ್ಸ್‌ಗೆ ಮಾತ್ರ. ಬೀಗದ ಕೈ ಹಿಡಿದವರು ಗೇಟ್ ಬಿಟ್ಟು ಕದಲಬಾರದು. ನಾಳೆ ಜನ ಸೇರುವ ಮುಂಚೆ ಒಮ್ಮೆ ಆಂಬುಲೆನ್ಸ್ ಓಡಿಸಿ, ಟೆಂಟ್ ತಲುಪಲು ಎಷ್ಟು ನಿಮಿಷ ಆಯಿತು ಅಂತ ಇಲ್ಲೇ ಬರೆಯಿರಿ.

ಸದಸ್ಯ: ಓಆರ್‌ಎಸ್ ಪ್ಯಾಕೆಟ್ ಅರ್ಧ ಲೀಟರ್ ಬಾಟಲಿಗೆ ಹಾಕಬಹುದಾ?

ಡಾಕ್ಟರ್: ಒಂದು ಲೀಟರಿನ ಪ್ಯಾಕೆಟ್‌ಗೆ ಒಂದು ಲೀಟರ್ ನೀರೇ. ಅರ್ಧಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗುತ್ತದೆ. ನನಗೆ ಡ್ಯೂಟಿ ಇದೆ, ಹೊರಟೆ.

ಸದಸ್ಯೆ: ಮೇಡಂ, ಗರ್ಭಿಣಿಯರಿಗೆ ಬೇರೆ ಸಾಲು ಮಾಡಿಸಬಹುದಾ?

ಹಿರಿಯ ಸದಸ್ಯ: ಐಸ್ ನೀರಿನ ಬಗ್ಗೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯವೂ ಕೇಳೋಣ.

ಸಂಘಟಕ: ಬೆಳಿಗ್ಗೆ 6ಕ್ಕೆ ಹಿಂದಿನ ಗೇಟ್ ತೆಗೆಸುತ್ತೇನೆ. ಟಬ್ ಯಾರ ಹತ್ತಿರ ಇದೆ?