ಮುಖ್ಯೋಪಾಧ್ಯಾಯರು ಬೇಡವೆನ್ನುತ್ತಿದ್ದಾರೆ, ನಾನೇ ದೂರು ಕೊಡಬಹುದೇ?

ಪ್ರಶ್ನೆ: ಶಿಕ್ಷಕಿ, ತಿಪಟೂರು ತಾಲ್ಲೂಕು

ನಮ್ಮ ಪ್ರೌಢಶಾಲೆಯ ಹುಡುಗಿಯೊಬ್ಬಳನ್ನು ಅಪರಿಚಿತನೊಬ್ಬ ಮೊಬೈಲ್‌ನಲ್ಲಿ ಪರಿಚಯ ಮಾಡಿಕೊಂಡು, ನಂಬಿಸಿ, ಕೆಟ್ಟ ಫೋಟೋ ತರಿಸಿಕೊಂಡಿದ್ದಾನೆ. ಇನ್ನೂ ಕಳಿಸದಿದ್ದರೆ ಊರಿಗೆಲ್ಲ ಹಂಚುತ್ತೇನೆ ಎಂದು ಹೆದರಿಸುತ್ತಿದ್ದಾನೆ. ಅವಳ ತಂದೆ ಕೊಬ್ಬರಿ ಗೋದಾಮಿನಲ್ಲಿ ಕೂಲಿ. "ಮೇಡಂ, ಮಗಳಿಗೆ ಮದುವೆಯಾಗಬೇಕು, ಇದನ್ನು ಇಲ್ಲಿಗೇ ಬಿಡಿ" ಎಂದು ಕೈ ಮುಗಿದರು. ಶಾಲೆಯ ಹೆಸರು ಹಾಳಾಗುತ್ತದೆ ಎಂಬುದು ಮುಖ್ಯೋಪಾಧ್ಯಾಯರ ಮಾತು. ನನಗೆ ಸುಮ್ಮನಿರಲು ಆಗುತ್ತಿಲ್ಲ.

ಉತ್ತರ: ವಕೀಲೆ, ತುಮಕೂರು

ಮೇಡಂ, ಕೊಡಬಹುದೇ ಎಂದು ಕೇಳುತ್ತಿದ್ದೀರಿ. ಕೊಡಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ, ವಿಷಯ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಮುಚ್ಚಿಟ್ಟರೆ 21ನೇ ಕಲಂ ಅಡಿ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ.

ತಂದೆಯ ಭಯವನ್ನು ಮಾತ್ರ ತಳ್ಳಿಹಾಕಬೇಡಿ. ಅವರ ಪಕ್ಕದಲ್ಲಿ ಕುಳಿತು ನಿಧಾನವಾಗಿ ಹೇಳಿ. ಮಗಳು ಠಾಣೆಗೆ ಅಲೆಯಬೇಕಿಲ್ಲ. ಸಾಧ್ಯವಾದಮಟ್ಟಿಗೆ ಮಹಿಳಾ ಅಧಿಕಾರಿಯೇ ಸಮವಸ್ತ್ರವಿಲ್ಲದೆ ಮನೆಗೆ ಬಂದು ಹೇಳಿಕೆ ಬರೆದುಕೊಳ್ಳಬೇಕು. ವಿಶೇಷ ನ್ಯಾಯಾಲಯದಲ್ಲಿ ಬಾಗಿಲು ಮುಚ್ಚಿ ವಿಚಾರಣೆ ನಡೆಯುತ್ತದೆ. ಆರೋಪಿ ಅವಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಎದುರು ವಕೀಲರು ನೇರವಾಗಿ ಅವಳನ್ನು ಪ್ರಶ್ನಿಸುವಂತಿಲ್ಲ, ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಕೇಳುವವರು ನ್ಯಾಯಾಧೀಶರು. ಪತ್ರಿಕೆಗಳು ಮಗುವಿನ ಹೆಸರು, ವಿಳಾಸವಷ್ಟೇ ಅಲ್ಲ, ಶಾಲೆಯ ಹೆಸರನ್ನೂ ಬಹಿರಂಗಪಡಿಸಬಾರದು. ಇದನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೂ ಓದಿ ಹೇಳಿ.

ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕೆಂಬುದು ಕಾಯ್ದೆಯ ಆಶಯ. ಅದಕ್ಕಿಂತ ತಡವಾಗುವುದೂ ಉಂಟು, ತಂದೆಗೆ ಸುಳ್ಳು ಭರವಸೆ ಕೊಡಬೇಡಿ. ಆದರೆ ಮಗುವನ್ನು ಹೀಗೆ ಬಳಸಿಕೊಂಡದ್ದು ಸಾಬೀತಾದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ ಐದು ವರ್ಷ ಶಿಕ್ಷೆ.

ಉತ್ತರ: ಹಾಸ್ಟೆಲ್ ಮೇಲ್ವಿಚಾರಕಿ, ಶಿರಾ

ಸಿಟ್ಟಿನಲ್ಲಿ ಹುಡುಗಿಯ ಮೊಬೈಲ್ ಕಿತ್ತುಕೊಂಡು ಎಲ್ಲವನ್ನೂ ಅಳಿಸಿಹಾಕಲು ಮನೆಯವರಿಗೆ ಬಿಡಬೇಡಿ, ಸಾಕ್ಷ್ಯ ಹೋಗುತ್ತದೆ. "ತಪ್ಪು ನಿನ್ನದಲ್ಲ" ಎಂಬ ಮಾತನ್ನು ಅವಳಿಗೆ ಯಾರಾದರೂ ಹೇಳಿದ್ದಾರೆಯೇ? ನೀವೇ ಹೇಳಿ. ರಾತ್ರಿ ಒಬ್ಬಳೇ ಇರದಂತೆಯೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಆ ಆ್ಯಪ್ ಅಮೆರಿಕದ ಕಂಪನಿಯದು, ಅವನು ಯಾವ ಊರಿನವನೋ ಗೊತ್ತಿಲ್ಲ. ನಮ್ಮ ಪೊಲೀಸರಿಗೆ ಸಿಗುತ್ತಾನೆಯೇ?

ಉತ್ತರ: ವಕೀಲೆ, ತುಮಕೂರು

ಅಮೆರಿಕದ ಫೆಡರಲ್ ಕಾನೂನಿನಂತೆ, ಇಂಥ ಚಿತ್ರಗಳು ಗಮನಕ್ಕೆ ಬಂದರೆ ಅಲ್ಲಿನ ಕಂಪನಿಗಳು ಕಾಣೆಯಾದ ಹಾಗೂ ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಎನ್‌ಸಿಎಂಇಸಿ ಎಂಬ ಅಲ್ಲಿನ ಸಂಸ್ಥೆಗೆ ವರದಿ ಮಾಡಲೇಬೇಕು. 2019ರ ಒಪ್ಪಂದದಿಂದಾಗಿ ಭಾರತಕ್ಕೆ ಸಂಬಂಧಿಸಿದ ವರದಿಗಳು ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ ಬಂದು, ಅಲ್ಲಿಂದ ರಾಜ್ಯಗಳ ಪೊಲೀಸರಿಗೆ ತಲುಪುತ್ತವೆ. ಹೆಸರು ಮರೆಮಾಚಿಕೊಂಡವರೂ ಹೀಗೆ ಸಿಕ್ಕಿಬಿದ್ದಿದ್ದಾರೆ. ಆದರೆ ಅದನ್ನು ನಂಬಿ ಕಾಯಬೇಡಿ. ಅವನ ಖಾತೆಯ ಹೆಸರು, ಬೆದರಿಕೆ ಬಂದ ದಿನಾಂಕಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಆ ಫೋಟೋಗಳನ್ನು ನಿಮ್ಮ ಮೊಬೈಲ್‌ಗೆ ಹಾಕಿಕೊಳ್ಳಬೇಡಿ, ಯಾರಿಗೂ ಕಳಿಸಬೇಡಿ. ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಹುಡುಗಿಯ ಮೊಬೈಲ್ ಇದ್ದಂತೆಯೇ ಪೊಲೀಸರ ಕೈ ಸೇರಲಿ. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನಾಳೆ ಬೆಳಗ್ಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.